ತೀಜ್ ಹಬ್ಬದಲ್ಲಿ ಪರದೇಶೀಯ ಸ್ತ್ರೀ: ಪ್ರವೇಶ, ನಿಷೇಧ ಮತ್ತು ತವರಿನ ಕಲ್ಪನೆ

೧. ಪೀಠಿಕೆ

ಹಿಂದೂ ಸ್ತ್ರೀಯರ ವ್ರತಗಳು ಮತ್ತು ಹಬ್ಬಗಳನ್ನು ಕುರಿತು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ಅಧ್ಯಯನಗಳಲ್ಲಿ ವಿದೇಶೀ ವಿದುಷಿಯರ ಪಾಲು ದೊಡ್ಡದು. ಪುರುಷ ಸಂಶೋಧಕರಿಗೆ ಸುಲಭವಾಗಿ ದೊರೆಯದ ಅಡುಗೆಮನೆ, ಹಿತ್ತಲು, ಸ್ನಾನಘಟ್ಟ ಹಾಗೂ ಹಾಡಿನ ಕೂಟಗಳು ಹೆಣ್ಣೆಂಬ ಕಾರಣದಿಂದಲೇ ಅವರಿಗೆ ತೆರೆದುಕೊಂಡವು. ದೂರದಲ್ಲಿ ನಿಂತು ನೋಡಿ ಬರೆದುಕೊಳ್ಳುವುದರ ಬದಲು, ಆಚರಿಸುವವರ ನಡುವೆ ಇದ್ದು ಅರಿಯುವ ಸಹಭಾಗಿ ಅವಲೋಕನದ ಕ್ರಮ ಈ ಕ್ಷೇತ್ರದಲ್ಲಿ ಬೇರೂರಿದ್ದು ಹೀಗೆ. ಆದರೆ ಪರದೇಶದ ಹೆಣ್ಣೊಬ್ಬಳು ಹಿಂದೂ ಸ್ತ್ರೀಯರ ಹಬ್ಬದಲ್ಲಿ ಭಾಗಿಯಾದಳು ಎಂದಾಗ ಆಕೆ ಯಾವುದರಲ್ಲಿ ಭಾಗಿಯಾದಳು, ಯಾರ ಅನುಮತಿಯಿಂದ ಭಾಗಿಯಾದಳು, ಯಾವ ಬಾಗಿಲಿನಲ್ಲಿ ನಿಂತಳು ಎಂಬ ಪ್ರಶ್ನೆಗಳು ಹಲವೊಮ್ಮೆ ಕೇಳದೆಯೇ ಉಳಿಯುತ್ತವೆ.

ನೇಪಾಳದ ತೀಜ್ ಹಬ್ಬವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತೀಜ್ ಒಂದೇ ದಿನದ, ಒಂದೇ ಸ್ಥಳದ ಆಚರಣೆಯಲ್ಲ. ತವರಿನ ಊಟ, ನಿರ್ಜಲ ಉಪವಾಸ, ದೇವಾಲಯದ ದರ್ಶನ, ಹಾಡು-ಕುಣಿತ, ಋಷಿಪಂಚಮಿಯ ಸ್ನಾನ ಎಂಬ ಐದು ಅಂಗಗಳು ಅದರಲ್ಲಿವೆ. ಪ್ರತಿಯೊಂದು ಅಂಗವೂ ಹೊರಗಿನವಳನ್ನು ಬೇರೆ ಬೇರೆ ನಿಯಮಗಳಿಂದ ಅಳೆಯುತ್ತದೆ. ಆದ್ದರಿಂದ ಪರದೇಶೀಯತೆ ಎಂಬುದು ರಾಷ್ಟ್ರ ಅಥವಾ ಮತದಿಂದ ಒಮ್ಮೆಗೇ ನಿರ್ಣಯವಾಗುವ ಸ್ಥಿತಿಯಲ್ಲ, ಹಬ್ಬದ ಒಂದೊಂದು ಹಂತದಲ್ಲಿ ಒಂದೊಂದು ಬಗೆಯಾಗಿ ನಿರ್ಣಯವಾಗುವ ಸಂಬಂಧ ಎಂಬುದು ಇಲ್ಲಿನ ಪ್ರತಿಪಾದನೆ.

೨. ಹಬ್ಬದ ಸ್ವರೂಪ

ಭಾದ್ರಪದ ಶುಕ್ಲ ತೃತೀಯೆಯಂದು ನಡೆಯುವ ಹರಿತಾಲಿಕಾ ವ್ರತವೇ ನೇಪಾಳದಲ್ಲಿ ತೀಜ್ ಎನಿಸಿದೆ. ಮೂಲತಃ ಇದು ಬ್ರಾಹ್ಮಣ ಮತ್ತು ಛೇತ್ರಿ ಸಮುದಾಯಗಳ ಸ್ತ್ರೀಯರ ಆಚರಣೆ. ಇಂದು ಅನ್ಯ ಸಮುದಾಯಗಳಿಗೂ ಹರಡಿದೆ. ಹಿಂದಿನ ರಾತ್ರಿ, ಅಂದರೆ ಬಿದಿಗೆಯಂದು, ಹೆಣ್ಣುಮಕ್ಕಳು ಒಟ್ಟುಗೂಡಿ ‘ದರ್’ ಎಂಬ ಸಮೃದ್ಧ ಭೋಜನವನ್ನು ಮಾಡುತ್ತಾರೆ. ತದಿಗೆಯಂದು ನೀರನ್ನೂ ಮುಟ್ಟದೆ ಉಪವಾಸವಿದ್ದು, ಕೆಂಪು ಸೀರೆಯುಟ್ಟು, ಶಿವಾಲಯಕ್ಕೆ ಹೋಗಿ, ಹಾಡಿ ಕುಣಿಯುತ್ತಾರೆ. ಚೌತಿಯಂದು ಗಣೇಶನ ಪೂಜೆ. ಪಂಚಮಿಯಂದು ನದಿಯಲ್ಲಿ ಮಿಂದು ಸಪ್ತರ್ಷಿಗಳನ್ನೂ ಅರುಂಧತಿಯನ್ನೂ ಪೂಜಿಸಿ ವ್ರತವನ್ನು ಮುಗಿಸುತ್ತಾರೆ.

ಇದೇ ತದಿಗೆಯಂದು ಕರ್ನಾಟಕದಲ್ಲಿ ಸ್ವರ್ಣಗೌರಿ ವ್ರತ ನಡೆಯುತ್ತದೆ. ‘ತೀಜ್’ ಮತ್ತು ‘ತದಿಗೆ’ ಎರಡೂ ‘ತೃತೀಯಾ’ ಶಬ್ದದ ತದ್ಭವಗಳು. ಹಳೆಯ ಮೈಸೂರು ಭಾಗದ ನಂಬಿಕೆಯಂತೆ ಗೌರಿ ಅಂದು ತವರಿಗೆ ಬರುತ್ತಾಳೆ, ಮರುದಿನ ಮಗ ಗಣಪ ತಾಯಿಯನ್ನು ಕರೆದೊಯ್ಯಲು ಬರುತ್ತಾನೆ. ತವರಿನಿಂದ ಹೆಣ್ಣುಮಕ್ಕಳಿಗೆ ಬಾಗಿನ ಹೋಗುತ್ತದೆ, ಕೈಗೆ ಹದಿನಾರು ಗಂಟಿನ ಗೌರಿದಾರ ಕಟ್ಟಿಕೊಳ್ಳುತ್ತಾರೆ. ನೇಪಾಳದ ಆಚರಣೆ ಉಪವಾಸದ ಕಾಠಿಣ್ಯದಲ್ಲಿ ಇದಕ್ಕಿಂತ ಭಿನ್ನ. ಆದರೆ ಮದುವೆಯಾದ ಹೆಣ್ಣು ವರ್ಷಕ್ಕೊಮ್ಮೆ ತವರಿನ ಮಗಳಾಗಿ ಮರಳುವ ಭಾವ ಎರಡಕ್ಕೂ ಸಮಾನವಾದದ್ದು.

ಹರಿತಾಲಿಕೆಯ ಕಥೆಯೂ ಗಮನಾರ್ಹ. ಹಿಮವಂತನು ಮಗಳನ್ನು ವಿಷ್ಣುವಿಗೆ ಕೊಡಲು ನಿಶ್ಚಯಿಸಿದಾಗ ಪಾರ್ವತಿಯ ಗೆಳತಿ ಆಕೆಯನ್ನು ಗುಟ್ಟಾಗಿ ಕಾಡಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಪಾರ್ವತಿ ಮರಳಿನ ಲಿಂಗವನ್ನು ಮಾಡಿ, ಉಪವಾಸವಿದ್ದು, ಶಿವನನ್ನು ಒಲಿಸಿಕೊಳ್ಳುತ್ತಾಳೆ. ‘ಹರಿತಾ’ ಎಂದರೆ ಒಯ್ಯಲ್ಪಟ್ಟವಳು, ‘ಆಲಿ’ ಎಂದರೆ ಸಖಿ ಎಂಬುದು ಸಾಂಪ್ರದಾಯಿಕ ನಿರ್ವಚನ. ಪತಿಯ ಆಯುಷ್ಯಕ್ಕಾಗಿ ಮಾಡುವ ವ್ರತವೆಂದು ಪ್ರಸಿದ್ಧವಾದ ಈ ಆಚರಣೆಯ ಮೂಲಕಥೆಯಲ್ಲಿ ತಂದೆಯ ನಿರ್ಧಾರವನ್ನು ಮೀರಿದ ಮಗಳೂ ಆಕೆಗೆ ನೆರವಾದ ರಕ್ತಸಂಬಂಧವಿಲ್ಲದ ಗೆಳತಿಯೂ ಇದ್ದಾರೆ. ಹೊರಗಿನವಳ ಸ್ಥಾನವನ್ನು ವಿಚಾರಿಸುವಾಗ ಈ ಸಖಿಯ ಪಾತ್ರವನ್ನು ನೆನಪಿನಲ್ಲಿಡಬೇಕಾಗುತ್ತದೆ.

೩. ಪರದೇಶೀಯರ ಆಗಮನ ಮತ್ತು ಅಧ್ಯಯನಗಳು

ರಾಣಾ ಆಡಳಿತ ೧೯೫೧ರಲ್ಲಿ ಕೊನೆಗೊಳ್ಳುವವರೆಗೆ ನೇಪಾಳ ವಿದೇಶೀಯರಿಗೆ ಬಹುಮಟ್ಟಿಗೆ ಮುಚ್ಚಿದ ದೇಶವಾಗಿತ್ತು. ೧೮೫೪ರ ‘ಮುಲುಕಿ ಐನ್’ ಎಂಬ ಕಾನೂನು ಸಂಹಿತೆ ರಾಜ್ಯದ ಸಮಸ್ತ ಜನರನ್ನೂ ಜಾತಿಶ್ರೇಣಿಯಲ್ಲಿ ಇರಿಸಿತ್ತು. ಆಂಡ್ರಾಸ್ ಹೋಫರ್ ೧೯೭೯ರ ತಮ್ಮ ಅಧ್ಯಯನದಲ್ಲಿ ವಿವರಿಸಿರುವಂತೆ, ಯೂರೋಪಿಯನ್ನರು ಈ ಸಂಹಿತೆಯಲ್ಲಿ ‘ನೀರು ಸ್ವೀಕರಿಸಬಾರದ, ಆದರೆ ಮುಟ್ಟಿದರೆ ಮೈಲಿಗೆಯಾಗದ’ ವರ್ಗಕ್ಕೆ ಸೇರಿದ್ದರು. ೧೯೬೩ರ ಹೊಸ ಸಂಹಿತೆ ಈ ಶ್ರೇಣಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಆದರೂ ಮನೆಗಳ ಒಲೆಯ ಬಳಿ ಹಳೆಯ ವರ್ಗೀಕರಣ ಬೇಗ ಅಳಿಯಲಿಲ್ಲ. ವಿದೇಶೀ ಸಂಶೋಧಕಿಯರು ಹಳ್ಳಿಯ ಮನೆಗಳಿಗೆ ಬಂದದ್ದು ಈ ಹಿನ್ನೆಲೆಯಲ್ಲಿ.

ಲಿನ್ ಬೆನೆಟ್ ಅವರ ‘ಡೇಂಜರಸ್ ವೈವ್ಸ್ ಅಂಡ್ ಸೇಕ್ರೆಡ್ ಸಿಸ್ಟರ್ಸ್’ (೧೯೮೩) ಈ ಕ್ಷೇತ್ರದ ಮುಖ್ಯ ಕೃತಿ. ಉಚ್ಚಜಾತಿಯ ಒಂದೇ ಹೆಣ್ಣು ತವರಿನಲ್ಲಿ ಪವಿತ್ರಳಾದ ಮಗಳು ಮತ್ತು ಸೋದರಿ, ಗಂಡನ ಮನೆಯಲ್ಲಿ ಸಂಶಯಕ್ಕೆ ಪಾತ್ರಳಾದ ಸೊಸೆ ಎಂಬ ಎರಡು ವಿರುದ್ಧ ಸ್ಥಾನಗಳಲ್ಲಿ ಬದುಕುತ್ತಾಳೆ ಎಂಬುದು ಅದರ ಪ್ರಮೇಯ. ತವರಿನಲ್ಲಿ ಹಿರಿಯರೇ ಮಗಳ ಪಾದಕ್ಕೆ ನಮಿಸುತ್ತಾರೆ. ಗಂಡನ ಮನೆಯಲ್ಲಿ ಆಕೆ ಎಲ್ಲರ ಪಾದಕ್ಕೂ ನಮಿಸಬೇಕು. ತೀಜ್ ಮತ್ತು ಋಷಿಪಂಚಮಿಗಳನ್ನು ಬೆನೆಟ್ ಈ ದ್ವಂದ್ವದ ಬೆಳಕಿನಲ್ಲಿ ವಿವೇಚಿಸಿದ್ದಾರೆ. ಮುಂದೆ ಡೆಬ್ರಾ ಸ್ಕಿನ್ನರ್ ಮತ್ತು ಡೊರೊಥಿ ಹಾಲೆಂಡ್ ಅವರು ನೇಪಾಳಿ ಸಹಸಂಶೋಧಕ ಅಧಿಕಾರಿಯವರೊಡನೆ ೧೯೯೪ರಲ್ಲಿ ತೀಜ್ ಹಾಡುಗಳ ಕುರಿತು ದೀರ್ಘ ಲೇಖನವೊಂದನ್ನು ಪ್ರಕಟಿಸಿದರು. ಹಾಲೆಂಡ್ ಮತ್ತು ಸ್ಕಿನ್ನರ್ ಅವರ ೧೯೯೫ರ ಲೇಖನ ಅದೇ ವಿಚಾರವನ್ನು ಮುಂದುವರಿಸಿತು. ಈ ಅಧ್ಯಯನಗಳು ನಡೆದ ಹಳ್ಳಿಗಳಿಗೆ ಲೇಖಕಿಯರು ನೀಡಿದ ‘ನರಿಕೋಟ್’, ‘ನೌಡಾಡಾ’ ಎಂಬ ಹೆಸರುಗಳು ಕಲ್ಪಿತವಾದವು. ಅದರ ಅಗತ್ಯವೇನೆಂಬುದು ಹಾಡುಗಳ ಚರ್ಚೆಯಲ್ಲಿ ಸ್ಪಷ್ಟವಾಗುತ್ತದೆ.

೪. ದರ್: ಮಗಳ ಸ್ಥಾನದಲ್ಲಿ ಪ್ರವೇಶ

ದರ್ ಊಟಕ್ಕೆ ಹೆಣ್ಣುಮಕ್ಕಳನ್ನು ಕರೆತರುವುದು ತವರಿನ ಹೊಣೆ. ನೇಪಾಳಿಯಲ್ಲಿ ತವರನ್ನು ‘ಮೈತಿ’ ಎಂದೂ ತವರಿನ ಹೆಣ್ಣುಮಕ್ಕಳನ್ನು ‘ಚೇಲಿಬೇಟಿ’ ಎಂದೂ ಕರೆಯುತ್ತಾರೆ. ಅಣ್ಣನೋ ತಂದೆಯೋ ಹೋಗಿ ಮಗಳನ್ನು ಕರೆದುಕೊಂಡು ಬರುವುದು ಸಂಪ್ರದಾಯ. ಕರೆ ಬಾರದ ಹೆಣ್ಣಿನ ದುಃಖ ತೀಜ್ ಹಾಡುಗಳ ಹಳೆಯ ವಸ್ತುಗಳಲ್ಲಿ ಒಂದು. ಪಾಯಸ, ತುಪ್ಪ, ಮಾಂಸ, ಸಿಹಿತಿನಿಸುಗಳನ್ನು ನಡುರಾತ್ರಿಯೊಳಗೆ ಉಂಡು ಮುಗಿಸಬೇಕು. ಅನಂತರ ಉಪವಾಸ ಆರಂಭವಾಗುತ್ತದೆ.

ಪರದೇಶೀಯಳಿಗೆ ಈ ಹಬ್ಬದ ಬಾಗಿಲು ಮೊದಲು ತೆರೆಯುವುದು ಇಲ್ಲಿಯೇ. ಆತಿಥೇಯ ಮನೆಯವರು ಆಕೆಯನ್ನು ವಯಸ್ಸಿಗೆ ತಕ್ಕಂತೆ ‘ದೀದಿ’ ಅಥವಾ ‘ಬಹಿನಿ’ ಎಂದು ಕರೆಯತೊಡಗುತ್ತಾರೆ. ಜಾತಿ ಮತ್ತು ಬುಡಕಟ್ಟುಗಳ ಗಡಿ ದಾಟಿ ಬಾಂಧವ್ಯ ಬೆಸೆಯುವ ‘ಮಿತ್’ ಎಂಬ ವಿಧಿಬದ್ಧ ಗೆಳೆತನವೂ ನೇಪಾಳದಲ್ಲಿದೆ. ಹೆಂಗಸರ ನಡುವೆ ಅದು ‘ಮಿತಿನಿ’ ಸಂಬಂಧ ಎನಿಸುತ್ತದೆ. ಇಂತಹ ಸಂಬೋಧನೆಗಳು ಹೊರಗಿನವಳನ್ನು ಆ ಮನೆಯ ಚೇಲಿಬೇಟಿಯರ ಸಾಲಿನಲ್ಲಿ ಕೂರಿಸುತ್ತವೆ. ಬೆನೆಟ್ ಅವರ ಪ್ರಮೇಯದ ಬೆಳಕಿನಲ್ಲಿ ನೋಡಿದರೆ ಇದು ಸಹಜವೇ. ತವರಿನ ಮಗಳಿಗೆ ಆ ಮನೆಯಲ್ಲಿ ದುಡಿಮೆಯ ಕಟ್ಟುಪಾಡು ಕಡಿಮೆ, ಗೌರವ ಹೆಚ್ಚು. ಅತಿಥಿಯ ಸ್ಥಾನಕ್ಕೆ ಅತಿ ಸಮೀಪವಾದ ಕೌಟುಂಬಿಕ ಸ್ಥಾನ ಆಕೆಯದು. ಅತಿಥಿಯನ್ನು ಮಗಳೆನ್ನುವುದರಿಂದ ಮನೆಯ ವ್ಯವಸ್ಥೆಗೆ ಭಂಗ ಬರುವುದಿಲ್ಲ.

ನೇಪಾಳಿ ಪುರುಷನನ್ನು ವಿವಾಹವಾಗಿ ಬಂದ ವಿದೇಶೀ ಸ್ತ್ರೀಯ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಆಕೆ ಆ ಮನೆಯ ‘ಬುಹಾರಿ’, ಅಂದರೆ ಸೊಸೆ. ಒಲೆಯ ಬಳಿಯ ಶುದ್ಧಿ, ತಲೆಬಾಗುವ ಕ್ರಮ, ಉಪವಾಸದ ನಿರೀಕ್ಷೆ ಎಲ್ಲವೂ ಆಕೆಯ ಮೇಲೆ ಬೀಳುತ್ತವೆ. ದರ್‌ಗೆ ಕರೆದೊಯ್ಯಲು ಸಮೀಪದಲ್ಲಿ ಆಕೆಗೆ ತವರಿಲ್ಲ. ಕೆಲವು ತಿಂಗಳು ಇದ್ದು ಹೋಗುವ ಅತಿಥಿ ಮಗಳಾಗಿ ಅನುಭವಿಸುವ ಹಬ್ಬವೂ ಜೀವಮಾನವೆಲ್ಲ ಅಲ್ಲಿಯೇ ಉಳಿಯುವ ಸೊಸೆ ಅನುಭವಿಸುವ ಹಬ್ಬವೂ ಒಂದೇ ಅಲ್ಲ. ತೀಜ್ ಸಂತೋಷದ ಹಬ್ಬವೆಂಬ ವರದಿಯನ್ನು ಓದುವಾಗ ಅದನ್ನು ಬರೆದವರು ಯಾವ ಸ್ಥಾನದಲ್ಲಿ ಕುಳಿತಿದ್ದರು ಎಂಬುದನ್ನು ಗಮನಿಸುವುದು ಅವಶ್ಯ.

೫. ಉಪವಾಸ ಮತ್ತು ಕೆಂಪು ಬಣ್ಣ

ನಿರ್ಜಲ ಉಪವಾಸವನ್ನು ಪರದೇಶೀಯಳಿಂದ ಯಾರೂ ಕಡ್ಡಾಯವಾಗಿ ನಿರೀಕ್ಷಿಸುವುದಿಲ್ಲ. ಆಕೆ ತಾನಾಗಿ ಉಪವಾಸವಿದ್ದರೆ ಮೆಚ್ಚುಗೆ ದೊರೆಯುತ್ತದೆ. ಆದರೆ ವ್ರತದ ದೃಷ್ಟಿಯಿಂದ ಹಸಿವು ಮಾತ್ರವೇ ಉಪವಾಸವಲ್ಲ. ಸಂಕಲ್ಪವಿಲ್ಲದ ಉಪವಾಸ ವ್ರತವಾಗದು. ವಿವಾಹಿತೆ ಪತಿಯ ದೀರ್ಘಾಯುಷ್ಯವನ್ನೂ ಕನ್ಯೆ ಒಳ್ಳೆಯ ವರನನ್ನೂ ಉದ್ದೇಶವಾಗಿ ಇಟ್ಟುಕೊಂಡು ಕೈಗೊಳ್ಳುವ ನಿಯಮವಿದು. ಅನುಭವವನ್ನು ಅರಿಯುವುದಕ್ಕಾಗಿ ಹಸಿದಿರುವವಳು ದೇಹದ ಕಷ್ಟದಲ್ಲಿ ಭಾಗಿಯಾಗುತ್ತಾಳೆ, ಫಲದಲ್ಲಿ ಅಲ್ಲ. ಅಲ್ಲದೆ ಆಕೆ ಯಾವ ಗಳಿಗೆಯಲ್ಲಾದರೂ ನೀರು ಕುಡಿಯಬಹುದು. ಗರ್ಭಿಣಿ ಅಥವಾ ಅಸ್ವಸ್ಥಳಾದ ಸೊಸೆ ಹಾಗೆ ಮಾಡಿದರೆ ಪತಿಯ ಮೇಲಿನ ನಿಷ್ಠೆಯೇ ಪ್ರಶ್ನೆಗೊಳಗಾಗುವ ಸಂದರ್ಭಗಳಿವೆ.

ಉಡುಪಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಕೆಂಪು ಸೀರೆ, ಗಾಜಿನ ಮಣಿಗಳ ‘ಪೋತೆ’, ಬಳೆ, ಸಿಂಧೂರಗಳು ಸೌಭಾಗ್ಯದ ಚಿಹ್ನೆಗಳು. ಮನೆಯ ಹೆಂಗಸರು ಅತಿಥಿಗೆ ಕೆಂಪು ಸೀರೆ ಉಡಿಸಿ, ಪೋತೆ ಹಾಕಿ ಸಿಂಗರಿಸುವುದು ವಾತ್ಸಲ್ಯದ ಕ್ರಿಯೆ. ಆಕೆ ವಿವಾಹಿತೆಯೋ ಅಲ್ಲವೋ, ವಿಚ್ಛೇದಿತೆಯೋ ಎಂಬ ವಿಚಾರಣೆ ಅಲ್ಲಿ ಗೌಣವಾಗಿರುತ್ತದೆ. ಅದೇ ಮನೆಯಲ್ಲಿ ವಿಧವೆಯೊಬ್ಬಳಿದ್ದರೆ, ಸಂಪ್ರದಾಯದ ಪ್ರಕಾರ ಆಕೆಗೆ ಕೆಂಪು ನಿಷಿದ್ಧ. ಎಲ್ಲಿಂದಲೋ ಬಂದವಳಿಗೆ ಒಂದು ದಿನದ ಮಟ್ಟಿಗೆ ದೊರೆಯುವ ಬಣ್ಣ ಅಲ್ಲಿಯೇ ಹುಟ್ಟಿ ಬೆಳೆದವಳಿಗೆ ಬದುಕಿನುದ್ದಕ್ಕೂ ದೊರೆಯುವುದಿಲ್ಲ. ಲಿಲಿ ಥಾಪಾ ಅವರು ೧೯೯೪ರಲ್ಲಿ ಸ್ಥಾಪಿಸಿದ ಸಂಘಟನೆ ವಿಧವೆ ಎಂಬ ಶಬ್ದದ ಬದಲು ‘ಏಕಲ್ ಮಹಿಳಾ’ ಎಂಬ ಪದವನ್ನು ಬಳಕೆಗೆ ತಂದು, ಕೆಂಪು ತೊಡುವ ಹಕ್ಕನ್ನು ತನ್ನ ಬೇಡಿಕೆಗಳಲ್ಲಿ ಸೇರಿಸಿಕೊಂಡಿತು. ಹಬ್ಬದ ಅತ್ಯಂತ ಕಠಿಣವಾದ ಗಡಿ ದೇಶೀಯ ಮತ್ತು ಪರದೇಶೀಯರ ನಡುವೆ ಇಲ್ಲದೆ ಸುಮಂಗಲಿ ಮತ್ತು ವಿಧವೆಯರ ನಡುವೆ ಇದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

೬. ಪಶುಪತಿನಾಥದ ಬಾಗಿಲು

ತದಿಗೆಯಂದು ಕಾಠ್ಮಂಡುವಿನ ಪಶುಪತಿನಾಥ ದೇವಾಲಯದ ಮುಂದೆ ಕೆಂಪು ಸೀರೆಯ ಸ್ತ್ರೀಯರ ಸಾಲು ಬೆಳಗಿನ ಜಾವದಿಂದಲೇ ಬೆಳೆಯುತ್ತದೆ. ಅಂದು ಸ್ತ್ರೀಯರಿಗೆ ಸರ್ಕಾರಿ ರಜೆಯೂ ಉಂಟು. ಮನೆಯ ಮಟ್ಟದಲ್ಲಿ ಸಡಿಲವಾಗಿದ್ದ ನಿಯಮ ಇಲ್ಲಿ ಬಿಗಿಯಾಗುತ್ತದೆ. ಮುಖ್ಯ ದೇವಾಲಯದ ಪ್ರಾಕಾರಕ್ಕೆ ಪಾಶ್ಚಾತ್ಯ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಶುಲ್ಕ ತೆತ್ತು ಕ್ಷೇತ್ರದ ಆವರಣಕ್ಕೆ ಬಂದ ವಿದೇಶೀಯರು ಬಾಗಮತಿ ನದಿಯ ಪೂರ್ವದಂಡೆಯ ಮೆಟ್ಟಿಲುಗಳಿಂದ ದೇವಾಲಯವನ್ನು ನೋಡುತ್ತಾರೆ. ಹಿಂದಿನ ರಾತ್ರಿ ಒಂದೇ ಪಂಕ್ತಿಯಲ್ಲಿ ದರ್ ಉಂಡ ಅಕ್ಕತಂಗಿಯರು ಒಳಗೆ ಹೋದಾಗ ಅವರೊಡನೆ ಬಂದ ಪರದೇಶೀಯಳು ಹೊರಗೆ ಉಳಿಯಬೇಕಾಗುತ್ತದೆ. ಮೈತಿಯ ಮಗಳೆಂಬ ಸ್ಥಾನಕ್ಕೆ ದೇವಾಲಯದ ಬಾಗಿಲಿನಲ್ಲಿ ಮನ್ನಣೆಯಿಲ್ಲ.

ಗರ್ಭಗುಡಿಯ ಒಳಗಿನ ಸ್ಥಿತಿಯಾದರೋ ಪರದೇಶೀಯತೆಯ ಪ್ರಶ್ನೆಗೆ ಇನ್ನೊಂದು ಮುಖವನ್ನು ಒದಗಿಸುತ್ತದೆ. ಪಶುಪತಿನಾಥನ ಚತುರ್ಮುಖ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಭಟ್ಟರೆಂಬ ಅರ್ಚಕರಿಗೆ ಮಾತ್ರ ಸೇರಿದ್ದು, ಅವರು ದಕ್ಷಿಣ ಭಾರತದ, ಬಹುಮಟ್ಟಿಗೆ ಕರ್ನಾಟಕದ, ಬ್ರಾಹ್ಮಣರು. ಐತಿಹ್ಯ ಈ ಪದ್ಧತಿಯನ್ನು ಶಂಕರಾಚಾರ್ಯರೊಂದಿಗೆ ಜೋಡಿಸುತ್ತದೆ. ಸ್ಥಳೀಯ ನೇವಾರ ಸಮುದಾಯದ ಭಂಡಾರಿಗಳು ಅವರಿಗೆ ಸಹಾಯಕರು. ೨೦೦೮ರ ಕೊನೆಯಲ್ಲಿ ಅಂದಿನ ಸರ್ಕಾರ ಭಟ್ಟರ ಸ್ಥಾನಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಲು ಮುಂದಾದಾಗ ತೀವ್ರ ವಿರೋಧ ಎದ್ದಿತು. ಸರ್ವೋಚ್ಚ ನ್ಯಾಯಾಲಯ ಮಧ್ಯಪ್ರವೇಶಿಸಿತು, ಹಿಂದಿನ ಅರ್ಚಕರೇ ೨೦೦೯ರ ಆರಂಭದಲ್ಲಿ ಪೂಜೆಗೆ ಮರಳಿದರು. ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಕರ್ನಾಟಕದಿಂದ ಹೊಸದಾಗಿ ನೇಮಕಗೊಂಡ ಇಬ್ಬರು ಭಟ್ಟರ ಮೇಲೆ ಹಲ್ಲೆ ನಡೆಯಿತು.

ಈ ಎರಡು ಸ್ಥಿತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಕನ್ನಡ ನಾಡಿನಿಂದ ಹೋದ ಅರ್ಚಕ ಪೌರತ್ವದ ದೃಷ್ಟಿಯಿಂದ ಪರದೇಶೀಯ, ಗರ್ಭಗುಡಿಯಲ್ಲಿ ಅಧಿಕಾರಿ. ಕನ್ನಡ ನಾಡಿನ ಯಾತ್ರಿಕ ಸ್ತ್ರೀ ಹಿಂದೂವಾದ್ದರಿಂದ ದೇವಾಲಯದ ಒಳಗೆ ಹೋಗಬಲ್ಲಳು. ಆದರೆ ನೇಪಾಳಿ ತಿಳಿಯದ ಕಾರಣ ಹೊರಗೆ ಕುಣಿಯುವವರ ಹಾಡಿನಲ್ಲಿ ಏನಿದೆಯೆಂದು ಅರಿಯಲಾರಳು. ನೇಪಾಳಿ ಬಲ್ಲ ಪಾಶ್ಚಾತ್ಯ ಸಂಶೋಧಕಿ ಹಾಡಿನ ಕೂಟದ ಒಳಗೆ ಕೂರಬಲ್ಲಳು, ದೇವಾಲಯದ ಬಾಗಿಲನ್ನು ದಾಟಲಾರಳು. ಮೂವರಲ್ಲಿ ಹಬ್ಬಕ್ಕೆ ಹತ್ತಿರದವರು ಯಾರೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದೇವಾಲಯ ಮತವನ್ನು ಕೇಳುತ್ತದೆ, ಗರ್ಭಗುಡಿ ಪರಂಪರೆಯನ್ನು ಕೇಳುತ್ತದೆ, ಹಾಡಿನ ಕೂಟ ಭಾಷೆ ಮತ್ತು ವಿಶ್ವಾಸಗಳನ್ನು ಕೇಳುತ್ತದೆ.

೭. ಹಾಡಿನ ಕೂಟ

ಮಿಕ್ಕ ದಿನಗಳಲ್ಲಿ ಸೊಸೆಯಾದವಳು ನಾಲ್ಕು ಜನರ ಮುಂದೆ ಕುಣಿಯುವುದು ಲಜ್ಜಾಸ್ಪದ. ತೀಜ್‌ನಲ್ಲಿ ಅದಕ್ಕೆ ಅನುಮತಿ ಇದೆ. ಕೆಲವು ವಾರಗಳ ಮುಂಚಿನಿಂದಲೇ ಹೆಂಗಸರೂ ಹುಡುಗಿಯರೂ ಗುಂಪುಗೂಡಿ ಆ ವರ್ಷದ ಹಾಡುಗಳನ್ನು ಕಟ್ಟಿ ಅಭ್ಯಾಸ ಮಾಡುತ್ತಾರೆ. ಸ್ಕಿನ್ನರ್ ಮತ್ತು ಸಂಗಡಿಗರು ಸಂಗ್ರಹಿಸಿದ ಹಾಡುಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಮನೆಯ ದುಃಖದ ಹಾಡುಗಳು ಅತ್ತೆಯ ಕಿರುಕುಳ, ಗಂಡನ ಕುಡಿತ, ಸವತಿಯ ಬರವು, ಅಣ್ಣತಮ್ಮಂದಿರಿಗೆ ದೊರೆತ ಓದು ಮತ್ತು ಆಸ್ತಿ ತಮಗೆ ದೊರೆಯದ ಅನ್ಯಾಯ ಇವುಗಳನ್ನು ಹೇಳುತ್ತವೆ. ರಾಜಕೀಯದ ಹಾಡುಗಳು ಆಡಳಿತ ಮತ್ತು ಪಕ್ಷಗಳನ್ನು ಕುರಿತವು. ೧೯೯೦ರ ಜನಾಂದೋಲನದಿಂದ ಬಹುಪಕ್ಷ ವ್ಯವಸ್ಥೆ ಮರಳಿದ ಅನಂತರ, ೧೯೯೧ರ ತೀಜ್‌ನಲ್ಲಿ, ರಾಜಕೀಯದ ಹಾಡುಗಳು ಮೇಲುಗೈ ಪಡೆದವು. ಒಳ್ಳೆಯ ಹೆಂಡತಿಯನ್ನು ರೂಪಿಸುವ ವಿಧಿ ಮತ್ತು ಆ ಆದರ್ಶವನ್ನೇ ಪ್ರಶ್ನಿಸುವ ಹಾಡು ಒಂದೇ ಹಬ್ಬದಲ್ಲಿ ಅಕ್ಕಪಕ್ಕದಲ್ಲಿರುವುದು ತೀಜ್‌ನ ವೈಶಿಷ್ಟ್ಯ.

ಪರದೇಶೀಯಳ ಭಾಗವಹಿಸುವಿಕೆಗೆ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕುವುದು ಕಷ್ಟವಲ್ಲ. ಕುಣಿತಕ್ಕೆ ಕರೆಯುವ ಕೈಗಳೂ ಬೇಕಾದಷ್ಟು. ಆದರೆ ತಾನು ಯಾವ ಮಾತಿಗೆ ಕುಣಿಯುತ್ತಿದ್ದೇನೆ ಎಂಬುದು ತಿಳಿಯದಿದ್ದರೆ ಒಬ್ಬಳ ದೂರು ಇನ್ನೊಬ್ಬಳಿಗೆ ಕೇವಲ ರಂಜನೆಯಾಗುತ್ತದೆ. ಪ್ರವಾಸೋದ್ಯಮದ ಚಿತ್ರಗಳಲ್ಲಿ ತೀಜ್ ಬಣ್ಣ ಮತ್ತು ಕುಣಿತಗಳ ಹಬ್ಬವಾಗಿ ಮಾತ್ರ ಕಾಣುವುದಕ್ಕೆ ಇದೇ ಕಾರಣ. ಇನ್ನೊಂದೆಡೆ, ಮಾತು ತಿಳಿದವಳ ಮೇಲೆ ಹೊಣೆ ಬೀಳುತ್ತದೆ. ಕೇಳಿದ ಹಾಡನ್ನು ಆಕೆ ಧ್ವನಿಮುದ್ರಿಸಿಕೊಂಡು, ಅನುವಾದಿಸಿ, ಹಾಡಿದವಳ ಊರಿನಾಚೆ ಕೊಂಡೊಯ್ಯುತ್ತಾಳೆ. ಹಬ್ಬದ ದಿನ ಹಾಡಿದ ಮಾತಿಗೆ ಹಬ್ಬವೇ ರಕ್ಷಣೆ. ಅಚ್ಚಾದ ಮಾತಿಗೆ ಆ ರಕ್ಷಣೆ ಇಲ್ಲ. ಗಂಡನ ಮನೆಗೆ ಮರಳಬೇಕಾದ ಹೆಣ್ಣಿನ ಹೆಸರು, ಊರು ಬಯಲಾದರೆ ಅದರ ಫಲ ಅನುಭವಿಸುವವಳು ಆಕೆಯೇ. ಹಳ್ಳಿಗಳಿಗೆ ಕಲ್ಪಿತ ಹೆಸರು ಕೊಡುವ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಕಥೆಯ ಸಖಿ ಪಾರ್ವತಿಯ ಗುಟ್ಟನ್ನು ಕಾಪಾಡಿದವಳು ಎಂಬುದೂ ಇಲ್ಲಿ ಸ್ಮರಣೀಯ.

೮. ಋಷಿಪಂಚಮಿ

ಪಂಚಮಿಯಂದು ಸ್ತ್ರೀಯರು ನದಿಗೆ ಹೋಗಿ ‘ದತಿವನ್’ ಎಂದರೆ ಉತ್ತರಣೆಯ ಕಡ್ಡಿಗಳಿಂದ ಹಲ್ಲುಜ್ಜಿ, ಮಣ್ಣು ಹಚ್ಚಿಕೊಂಡು ಮೀಯುತ್ತಾರೆ. ಕಡ್ಡಿಗಳ ಸಂಖ್ಯೆ ವರ್ಷದ ದಿನಗಳಿಗೆ ಸಮನಾಗಿ ೩೬೫ ಇರಬೇಕೆಂಬುದು ವಾಡಿಕೆ. ಮುಟ್ಟಿನ ದಿನಗಳಲ್ಲಿ ಅರಿಯದೆ ಆಗಿರಬಹುದಾದ ಸ್ಪರ್ಶದೋಷಕ್ಕೆ ಇದು ಪ್ರಾಯಶ್ಚಿತ್ತ. ನಿಯಮ ಮೀರಿದ ಬ್ರಾಹ್ಮಣ ಸ್ತ್ರೀ ಮರುಜನ್ಮದಲ್ಲಿ ನಾಯಿಯಾಗಿ ಹುಟ್ಟಿದ ಕಥೆಯನ್ನು ಅಂದು ಕೇಳುತ್ತಾರೆ. ಕರ್ನಾಟಕದಲ್ಲಿಯೂ ಋಷಿಪಂಚಮಿ ವ್ರತ ಪ್ರಚಲಿತವಾಗಿದ್ದು, ಅದನ್ನು ಸಾಮಾನ್ಯವಾಗಿ ಮುಟ್ಟು ನಿಂತ ಹಿರಿಯ ಸ್ತ್ರೀಯರು ಆಚರಿಸುತ್ತಾರೆ.

ಹಬ್ಬದ ಈ ಅಂಗದಲ್ಲಿ ಪರದೇಶೀಯಳಿಗೆ ತಡೆ ಹೊರಗಿನಿಂದ ಬರುವುದಿಲ್ಲ. ನದಿ ಎಲ್ಲರದು, ಮೀಯಬಾರದೆಂದು ತಡೆಯುವವರಿಲ್ಲ. ಆದರೆ ಮುಟ್ಟನ್ನು ದೋಷವೆಂದು ಒಪ್ಪದವಳು ಆ ದೋಷದ ಪ್ರಾಯಶ್ಚಿತ್ತದಲ್ಲಿ ಭಾಗಿಯಾಗುವುದು ಹೇಗೆ ಎಂಬ ಪ್ರಶ್ನೆ ಆಕೆಯ ಒಳಗಿನಿಂದಲೇ ಹುಟ್ಟುತ್ತದೆ. ಇದು ಪರದೇಶೀಯಳಿಗೆ ಮಾತ್ರ ಸೀಮಿತವಾದ ಪ್ರಶ್ನೆಯೂ ಅಲ್ಲ. ಪಶ್ಚಿಮ ನೇಪಾಳದಲ್ಲಿ ಮುಟ್ಟಾದವರನ್ನು ಮನೆಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ‘ಛೌಪಡಿ’ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯ ೨೦೦೫ರಲ್ಲಿ ನಿಷೇಧಿಸಿತು. ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿದ ಕಾನೂನು ೨೦೧೭ರಲ್ಲಿ ಅಂಗೀಕಾರಗೊಂಡು ೨೦೧೮ರಲ್ಲಿ ಜಾರಿಗೆ ಬಂದಿತು. ಈ ಬದಲಾವಣೆಗೆ ಹೋರಾಡಿದವರಲ್ಲಿ ನೇಪಾಳಿ ಸ್ತ್ರೀಯರೇ ಇದ್ದಾರೆ. ವಿದ್ಯಾವಂತ ನೇಪಾಳಿ ಯುವತಿಯರಲ್ಲಿ ತೀಜ್ ಆಚರಿಸಿ ಪಂಚಮಿಯ ಸ್ನಾನವನ್ನು ಬಿಡುವವರೂ, ಅದನ್ನು ಋಷಿಪೂಜೆಯಾಗಿ ಮಾತ್ರ ಉಳಿಸಿಕೊಳ್ಳುವವರೂ ಇದ್ದಾರೆ. ಹಬ್ಬವನ್ನು ಇಡಿಯಾಗಿ ಒಪ್ಪುವುದು ಒಳಗಿನವರ ಲಕ್ಷಣ, ಆಯ್ದು ಒಪ್ಪುವುದು ಹೊರಗಿನವರ ಲಕ್ಷಣ ಎಂಬ ಗ್ರಹಿಕೆ ಈ ದೃಷ್ಟಿಯಿಂದ ನಿಲ್ಲುವುದಿಲ್ಲ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ತೀಜ್ ಪರದೇಶೀಯಳನ್ನು ಮತದ ಮೂಲಕವಾಗಲಿ ರಾಷ್ಟ್ರೀಯತೆಯ ಮೂಲಕವಾಗಲಿ ಒಳಗೊಳ್ಳದೆ ತವರಿನ ಮೂಲಕ ಒಳಗೊಳ್ಳುತ್ತದೆ. ಆಕೆಗೆ ದೊರೆಯುವ ಸ್ಥಾನ ಮಗಳದು ಅಥವಾ ಗೆಳತಿಯದು. ಎರಡನೆಯದಾಗಿ, ಈ ಸ್ಥಾನ ಸುಲಭವಾಗಿ ದೊರೆಯುವುದರಿಂದಲೇ ಸೊಸೆಯ, ವಿಧವೆಯ, ಕರೆ ಬಾರದ ಹೆಣ್ಣಿನ ಸ್ಥಿತಿಗಳು ಆಕೆಯ ಕಣ್ಣಿಗೆ ಬೀಳದೆ ಹೋಗುವ ಸಂಭವವಿದೆ. ಮೂರನೆಯದಾಗಿ, ಉಡುಪು, ಊಟ, ಕುಣಿತಗಳಿಗಿಂತ ಭಾಷೆಯೇ ಭಾಗವಹಿಸುವಿಕೆಯ ಮುಖ್ಯ ಸಾಧನ. ಹಾಡಿನ ಅರ್ಥ ತಿಳಿದವಳಿಗೆ ಮಾತ್ರ ಈ ಹಬ್ಬದ ದೂರು ಮತ್ತು ಹರ್ಷ ಎರಡೂ ತಿಳಿಯುತ್ತವೆ.

ಕರ್ನಾಟಕದ ಗೌರಿಹಬ್ಬ, ವರಮಹಾಲಕ್ಷ್ಮಿ ವ್ರತ ಮೊದಲಾದ ಆಚರಣೆಗಳಿಗೂ ಇಂದು ಅನ್ಯದೇಶದ, ಅನ್ಯಭಾಷೆಯ ಸ್ತ್ರೀಯರು ನೆರೆಯವರಾಗಿ, ಸಹೋದ್ಯೋಗಿಗಳಾಗಿ, ಸೊಸೆಯರಾಗಿ ಬರುತ್ತಿದ್ದಾರೆ. ಅರಿಶಿನ ಕುಂಕುಮಕ್ಕೆ ಯಾರನ್ನು ಕರೆಯಲಾಗುತ್ತದೆ, ಯಾವ ಹೊಸ್ತಿಲವರೆಗೆ ಕರೆಯಲಾಗುತ್ತದೆ, ಅದೇ ಬೀದಿಯ ಯಾವ ಹೆಣ್ಣನ್ನು ಕರೆಯುವುದಿಲ್ಲ ಎಂಬುದನ್ನು ಕ್ಷೇತ್ರಕಾರ್ಯದ ಮೂಲಕ ದಾಖಲಿಸಬೇಕಾಗಿದೆ. ನೇಪಾಳದ ತೀಜ್ ಕುರಿತ ಅಧ್ಯಯನಗಳು ಅಂತಹ ಕಾರ್ಯಕ್ಕೆ ಉಪಯುಕ್ತವಾದ ಹೋಲಿಕೆಯನ್ನು ಒದಗಿಸುತ್ತವೆ.